ಇಂಟರ್ನೆಟ್ ಇಲ್ಲದ ಮನೆಗೆ ಟಿವಿ, ಫೋನ್: ದೊಡ್ಡಪ್ಪ–ದೊಡ್ಡಮ್ಮನಿಗೆ ನಾನು ಮಾಡಿಕೊಟ್ಟದ್ದು

ಉಡುಪಿ ಹತ್ತಿರ ಪರ್ಕಳದ ಕಡೆ ನಮ್ಮ ದೊಡ್ಡಪ್ಪ, ದೊಡ್ಡಮ್ಮ ಇಬ್ಬರೇ ಇರುತ್ತಾರೆ. ಇಬ್ಬರಿಗೂ ಎಂಬತ್ತರ ಆಸುಪಾಸು. ಮಕ್ಕಳು ಹೊರದೇಶದಲ್ಲಿದ್ದಾರೆ. ಮಂಗಳೂರಿನಲ್ಲಿರುವ ನಾನೇ ಹತ್ತಿರದವಳು. ಹಾಗಾಗಿ ಬಿಲ್ಲು, ರಿಪೇರಿ, ಔಷಧಿ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಅವರು ಕೇಳುವುದು ಎರಡೇ: ಸಂಜೆ ಹೊತ್ತಿಗೆ ಟಿವಿ ಬರಬೇಕು, ಬೇಕಾದಾಗ ಫೋನ್ ಹೋಗಬೇಕು. ಇಂಟರ್ನೆಟ್ ಅವರಿಗೆ ಬೇಡ. "ಎಂತಕ್ಕೆ ಮಾರಾಯ್ತಿ ಅದು ನಮಗೆ?" ಎಂದು ದೊಡ್ಡಪ್ಪ ಒಂದೇ ಮಾತಿನಲ್ಲಿ ಹೇಳಿದ್ದರು.

ನಾನು ಯಾರನ್ನು ಕೇಳಿದರೂ ಸಲಹೆ ಒಂದೇ. ಫೈಬರ್ ಇಂಟರ್ನೆಟ್ ಹಾಕಿಸಿ, ಅದರಲ್ಲೇ ಟಿವಿ, ಅದರಲ್ಲೇ ಫೋನ್, ಎಲ್ಲ ಒಂದೇ ಬಿಲ್ಲಿನಲ್ಲಿ ಮುಗಿಯುತ್ತದೆ ಅಂತ. ನನಗೆ ಅದು ಸರಿ ಕಾಣಲಿಲ್ಲ. ಮುಟ್ಟದೇ ಇರುವ ಇಂಟರ್ನೆಟ್‌ಗೆ ತಿಂಗಳು ತಿಂಗಳು ದುಡ್ಡು ಕೊಡುವುದು ಯಾಕೆ? ಅದೂ ಅಲ್ಲದೆ, ಹಾಗೆ ಮಾಡಿದ ಮನೆಗಳಲ್ಲಿ ಟಿವಿ ಹಾಕಿದ ಕೂಡಲೇ ಬರುವುದು ಚಾನೆಲ್ ಅಲ್ಲ, ಚಿಕ್ಕ ಚಿಕ್ಕ ಚಿತ್ರಗಳ ಸಾಲು. ಎಲ್ಲಿ ಒತ್ತಬೇಕು, ಎಲ್ಲಿಂದ ಹಿಂದೆ ಬರಬೇಕು ಗೊತ್ತಾಗದೆ ಹಿರಿಯರು ಟಿವಿಯನ್ನೇ ಬಿಟ್ಟುಬಿಡುತ್ತಾರೆ. ಇದನ್ನು ನಾನು ನಮ್ಮ ಬಳಗದಲ್ಲೇ ನೋಡಿದ್ದೇನೆ. ಖರ್ಚು ಕಡಿಮೆ ಆಗಬೇಕು, ನಿಜ. ಆದರೆ ಇನ್ನೊಬ್ಬರನ್ನು ಕರೆಯದೆ ಅವರೇ ಹಾಕಿ, ಅವರೇ ಆರಿಸುವಂತೆ ಇರಬೇಕು. ನಾನು ಹೊರಟದ್ದು ಅಲ್ಲಿಂದ.

ಮೊದಲು ಮಾಡಿದ ಕೆಲಸ, ಅವರ ಜೊತೆ ಸಂಜೆಯಿಂದ ರಾತ್ರಿವರೆಗೆ ಸುಮ್ನೆ ಕೂತು ಏನು ನೋಡುತ್ತಾರೆ ಎಂದು ಬರೆದುಕೊಂಡದ್ದು. ಎರಡು ಚಾನೆಲ್‌ಗಳ ಸೀರಿಯಲ್, ರಾತ್ರಿ ವಾರ್ತೆ, ಆಮೇಲೆ ಊರಿನ ಕೇಬಲ್ ಚಾನೆಲ್‌ನಲ್ಲಿ ಬರುವ ಯಕ್ಷಗಾನ, ದೇವಸ್ಥಾನದ ಬ್ರಹ್ಮಕಲಶ, ಜಾತ್ರೆ. ಅಷ್ಟೇ. ಆದರೆ ಅವರು ಕಟ್ಟುತ್ತಿದ್ದ ಪ್ಯಾಕಿನಲ್ಲಿ ಹಿಂದಿ ಸಿನಿಮಾ, ಇಂಗ್ಲಿಷ್ ಕ್ರೀಡೆ, ಕಾರ್ಟೂನ್ ಎಲ್ಲ ತುಂಬಿತ್ತು. ತಿಂಗಳಿಗೆ ಮುನ್ನೂರೈವತ್ತು ದಾಟುತ್ತಿತ್ತು.

ಇಲ್ಲಿ ನಿಯಮ ತಿಳಿದಿದ್ದರೆ ಉಪಯೋಗ ಇದೆ. 2019ರ ಫೆಬ್ರುವರಿಯಿಂದ ಟ್ರಾಯ್ (ಫೋನ್, ಟಿವಿ ಕಂಪನಿಗಳಿಗೆ ನಿಯಮ ಮಾಡುವ ಕೇಂದ್ರದ ಪ್ರಾಧಿಕಾರ) ತಂದ ವ್ಯವಸ್ಥೆಯಲ್ಲಿ ನಮಗೆ ಬೇಕಾದ ಚಾನೆಲ್ ಮಾತ್ರ ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದು. ಕೇಬಲ್ ಆಗಲಿ, ಮನೆಗೆ ಡಿಶ್ ಹಾಕಿ ಉಪಗ್ರಹದಿಂದ ನೇರ ಪಡೆಯುವ ಡಿಟಿಎಚ್ ಆಗಲಿ, ಬಿಲ್ಲಿನಲ್ಲಿ ಎರಡು ಭಾಗ ಇರುತ್ತದೆ. ಒಂದು, ಕನೆಕ್ಷನ್‌ನ ಮೂಲ ಶುಲ್ಕ. ಇನ್ನೊಂದು, ದುಡ್ಡಿನ ಚಾನೆಲ್‌ಗಳ ಬೆಲೆ. ಮೂಲ ಶುಲ್ಕಕ್ಕೆ ಮೊದಲು 130 ರೂಪಾಯಿಯ ಮಿತಿ ಇತ್ತು. 2020ರಿಂದ ಅಷ್ಟಕ್ಕೇ 200 ಚಾನೆಲ್ ಕೊಡಬೇಕಿತ್ತು. 2024ರ ಜುಲೈಯಲ್ಲಿ ಆ ಮಿತಿ ತೆಗೆದರು. ಈಗ ಎಷ್ಟು ಎಂದು ಕಂಪನಿಯೇ ಠರಾಯಿಸುತ್ತದೆ, ಆದರೆ ಅದನ್ನು ಪ್ರಕಟಿಸಬೇಕು. ಕನ್ನಡದ ಹಲವು ನ್ಯೂಸ್ ಚಾನೆಲ್‌ಗಳು ಉಚಿತ ಚಾನೆಲ್‌ಗಳು. ಅವಕ್ಕೆ ಬೇರೆ ದುಡ್ಡಿಲ್ಲ, ಮೂಲ ಶುಲ್ಕದಲ್ಲೇ ಬರುತ್ತವೆ. ದುಡ್ಡಿನ ಸೀರಿಯಲ್ ಚಾನೆಲ್‌ಗಳನ್ನು ಮಾತ್ರ ಲೆಕ್ಕ ಹಾಕಿದರೆ ಸಾಕು.

ನಮ್ಮ ಲೆಕ್ಕ ಹೀಗಿತ್ತು. ಮೂಲ ಶುಲ್ಕ 130, ಅದರ ಮೇಲೆ ಶೇ 18ರ ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಎರಡು ಸೀರಿಯಲ್ ಚಾನೆಲ್‌ಗೆ ತಲಾ 19 ರೂಪಾಯಿ ಎಂದು ಹಿಡಿದರೂ ತೆರಿಗೆ ಸೇರಿ 45 ರೂಪಾಯಿಯೊಳಗೆ. ಒಟ್ಟು ಇನ್ನೂರರ ಒಳಗೆ ಬಂತು. ಕೇಬಲ್‌ನ ಹುಡುಗ "ಅಕ್ಕ, ಎಲ್ಲರೂ ಇದೇ ಪ್ಯಾಕ್ ಹಾಕುವುದು, ಬಿಡಿ ಚಾನೆಲ್ ಹಾಕಿದರೆ ಜಾಸ್ತಿ ಆಗ್ತದೆ" ಎಂದ. ನಾನು ವಾದ ಮಾಡಲಿಲ್ಲ. ಚಾನೆಲ್‌ಗಳ ಹೆಸರನ್ನು ಒಂದು ಕಾಗದದಲ್ಲಿ ಬರೆದು, ಸೆಟ್‌ಟಾಪ್ ಬಾಕ್ಸಿನ ನಂಬರ್ ಹಾಕಿ, ದೊಡ್ಡಪ್ಪನ ಸಹಿ ಮಾಡಿಸಿ ಕೊಟ್ಟೆ. ಬಾಯಲ್ಲಿ ಹೇಳಿದರೆ ಮುಂದಿನ ತಿಂಗಳು ಮತ್ತೆ ಹಳೇ ಪ್ಯಾಕೇ ಬರುತ್ತದೆ. ಕಾಗದ ಕೊಟ್ಟರೆ ಕೆಲಸ ಆಗುತ್ತದೆ.

ಡಿಟಿಎಚ್‌ಗೆ ಹೋಗದೆ ಕೇಬಲ್ಲಿನಲ್ಲೇ ಉಳಿಸಿದ್ದಕ್ಕೆ ಕಾರಣ ಆ ಊರಿನ ಚಾನೆಲ್‌ಗಳು. ಜಾತ್ರೆ, ಯಕ್ಷಗಾನ, ಯಾರದೋ ಮನೆಯ ಶ್ರದ್ಧಾಂಜಲಿ ಎಲ್ಲ ಬರುವುದು ಅವುಗಳಲ್ಲಿ. ಹೊರಗೆ ಹೋಗಲಾಗದ ದೊಡ್ಡಮ್ಮನಿಗೆ ಊರಿನ ಸುದ್ದಿ ತಲುಪುವುದೇ ಅಲ್ಲಿಂದ. ಇನ್ನೊಂದು, ನಮ್ಮ ಕಡೆಯ ಮಳೆ. ಜೂನ್, ಜುಲೈ ತಿಂಗಳಲ್ಲಿ ಜೋರು ಮಳೆ ಹೊಡೆದಾಗ ಡಿಶ್‌ಗೆ ಸಿಗ್ನಲ್ ಬರುವುದಿಲ್ಲ. ಅದು ಯಾವ ಕಂಪನಿಯ ತಪ್ಪೂ ಅಲ್ಲ. ಡಿಟಿಎಚ್ ಬಳಸುವ ತರಂಗಗಳನ್ನು ದಟ್ಟ ಮಳೆ ತಡೆಯುತ್ತದೆ.

ಹಾಗಂತ ಡಿಶ್ ಬೇಡವೇ ಬೇಡ ಎಂದು ಹೇಳುವುದಿಲ್ಲ. ಹಿರಿಯಡ್ಕದ ಕಡೆ ನಮ್ಮ ಪರಿಚಯದ ರಿಟೈರ್ಡ್ ಟೀಚರ್ ಒಬ್ಬರಿಗೆ ನಾನೇ ಮುಂದೆ ನಿಂತು ಡಿಡಿ ಫ್ರೀ ಡಿಶ್ ಹಾಕಿಸಿದೆ. ಅವರು ಸೀರಿಯಲ್ ನೋಡುವವರಲ್ಲ. ಚಂದನ, ವಾರ್ತೆ, ಹಳೇ ಹಾಡು ಸಾಕು. ಫ್ರೀ ಡಿಶ್ ಪ್ರಸಾರ ಭಾರತಿಯದು, 2004ರಿಂದ ಇದೆ. ತಿಂಗಳ ಬಾಡಿಗೆ ಇಲ್ಲವೇ ಇಲ್ಲ. ಡಿಶ್, ಬಾಕ್ಸ್, ವೈರ್, ಹಾಕುವವರ ಕೂಲಿ ಎಲ್ಲ ಸೇರಿ ಎರಡು ಸಾವಿರದ ಆಸುಪಾಸು ಒಂದು ಸಲ ಕೊಟ್ಟರೆ ಮುಗಿಯಿತು. ಅದರಲ್ಲಿ ಆಕಾಶವಾಣಿಯ ಸ್ಟೇಷನ್‌ಗಳೂ ಸಿಗುತ್ತವೆ. ಆ ಟೀಚರ್‌ಗೆ ಅದೇ ಹೆಚ್ಚು ಖುಷಿಯಾಯಿತು. ದೊಡ್ಡ ಕನ್ನಡ ಸೀರಿಯಲ್ ಚಾನೆಲ್‌ಗಳು ನಾವು ಹಾಕಿಸಿದಾಗ ಅದರಲ್ಲಿ ಇರಲಿಲ್ಲ. ಇದನ್ನು ಮೊದಲೇ ಹೇಳಿ ಒಪ್ಪಿಸಬೇಕು.

ಅಂಗಡಿಯಲ್ಲಿ ಎಂಪೆಗ್-4 ಬಾಕ್ಸ್ ಎಂದೇ ಕೇಳಿ. ಹಳೆಯ ಎಂಪೆಗ್-2 ಬಾಕ್ಸಿನಲ್ಲಿ ಎಲ್ಲ ಚಾನೆಲ್ ಬರುವುದಿಲ್ಲ. ಡಿಶ್ ಇಡುವ ಜಾಗವನ್ನು ಹಗಲಲ್ಲೇ ನೋಡಿಡಿ. ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ನಮ್ಮ ಕರಾವಳಿಯಿಂದ ನೋಡಿದರೆ ಪೂರ್ವಕ್ಕೂ ಆಗ್ನೇಯಕ್ಕೂ ನಡುವೆ, ಆಕಾಶದಲ್ಲಿ ಸಾಕಷ್ಟು ಮೇಲೆ ಇದೆ. ಆ ದಿಕ್ಕಿನಲ್ಲಿ ತೆಂಗಿನ ಮರದ ಮಡಲು ಅಡ್ಡ ಬರಬಾರದು. ಮಂಗಳೂರಿನ ಫ್ಲ್ಯಾಟ್‌ಗಳಲ್ಲಿ ಬಾಲ್ಕನಿ ಪಶ್ಚಿಮಕ್ಕಿದ್ದು, ಟೆರೇಸಿಗೆ ಬಿಡದಿದ್ದರೆ ಫ್ರೀ ಡಿಶ್ ಆಸೆ ಬಿಟ್ಟು ಕೇಬಲ್ ಹಿಡಿಯುವುದೇ ವಾಸಿ.

ರಿಮೋಟಿನ ಬಗ್ಗೆ ಎರಡು ಮಾತು, ಯಾಕೆಂದರೆ ಹಿರಿಯರ ಮನೆಯಲ್ಲಿ ಅರ್ಧ ತೊಂದರೆ ಅಲ್ಲೇ. ಟಿವಿಗೆ ಒಂದು, ಬಾಕ್ಸಿಗೆ ಒಂದು ರಿಮೋಟ್ ಇದ್ದರೆ ಗೊಂದಲ ಆಗಿಯೇ ಆಗುತ್ತದೆ. ತುಂಬಾ ಬಾಕ್ಸ್‌ಗಳ ರಿಮೋಟಿನಲ್ಲಿ ಟಿವಿಯ ಬಟನ್‌ಗಳನ್ನು ಕಲಿಸುವ ಸೌಲಭ್ಯ ಇರುತ್ತದೆ. ಎರಡೂ ರಿಮೋಟುಗಳನ್ನು ಮುಖಾಮುಖಿ ಇಟ್ಟು ಆನ್-ಆಫ್ ಮತ್ತು ಸೌಂಡ್ ಬಟನ್ ಕಲಿಸಿದೆ. ಟಿವಿ ರಿಮೋಟನ್ನು ಕಪಾಟಿಗೆ ಹಾಕಿದೆ. ಆನ್ ಬಟನ್ ಮೇಲೆ ಒಂದು ಚೂರು ಕೆಂಪು ಟೇಪ್ ಅಂಟಿಸಿದೆ, ದೊಡ್ಡಮ್ಮನ ಬೆರಳು ಮುಟ್ಟಿಯೇ ಗೊತ್ತು ಮಾಡಿಕೊಳ್ಳುತ್ತದೆ. ಅವರು ನೋಡುವ ನಾಲ್ಕೈದು ಚಾನೆಲ್‌ನ ನಂಬರನ್ನು ಮಾರ್ಕರ್ ಪೆನ್ನಿನಿಂದ ದೊಡ್ಡದಾಗಿ ರಟ್ಟಿನಲ್ಲಿ ಬರೆದು ಟಿವಿಯ ಕೆಳಗೆ ಇಟ್ಟೆ.

ಇನ್ನು ಫೋನ್. ಇದು ಟಿವಿಗಿಂತ ಕಷ್ಟದ್ದು, ಮುಖ್ಯವಾದದ್ದೂ ಇದೇ.

ಅವರ ಮನೆಯಲ್ಲಿ ತಾಮ್ರದ ತಂತಿಯ ಹಳೇ ಲ್ಯಾಂಡ್‌ಲೈನ್ ಇತ್ತು. ಮಡಲು ಬಿದ್ದು ವೈರ್ ತುಂಡಾಗುವುದು, ಸಿಡಿಲಿಗೆ ಫೋನ್ ಸುಟ್ಟು ಹೋಗುವುದು, ಮಳೆಗಾಲದಲ್ಲಿ ಜಾಯಿಂಟಿಗೆ ನೀರು ಹೋಗಿ ಕರಕರ ಎನ್ನುವುದು ಮಾಮೂಲಿಯಾಗಿತ್ತು. ಕಂಪನಿಯವರು ತಾಮ್ರದ ಲೈನ್ ತೆಗೆದು ಫೈಬರ್‌ಗೆ ಬದಲಾಯಿಸಿಕೊಳ್ಳಿ, ನಂಬರ್ ಅದೇ ಉಳಿಯುತ್ತದೆ ಎಂದರು. ಇಲ್ಲೊಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ತಾಮ್ರದ ಲ್ಯಾಂಡ್‌ಲೈನಿಗೆ ಕರೆಂಟ್ ಟೆಲಿಫೋನ್ ಎಕ್ಸ್‌ಚೇಂಜಿನಿಂದಲೇ ತಂತಿಯಲ್ಲಿ ಬರುತ್ತದೆ. ಮನೆಯಲ್ಲಿ ಕರೆಂಟ್ ಹೋದರೂ ಫೋನ್ ನಡೆಯುತ್ತದೆ. ಫೈಬರ್ ಹಾಗಲ್ಲ. ಗೋಡೆಗೆ ಹಾಕುವ ಆ ಬಿಳಿ ಡಬ್ಬಿಗೆ ಮನೆಯ ಕರೆಂಟ್ ಬೇಕು. ಕರೆಂಟ್ ಹೋದರೆ ಫೋನೂ ಹೋಯಿತು. ಇನ್‌ವರ್ಟರ್ ಇದ್ದವರಿಗೆ, ಇಲ್ಲವೇ ರೂಟರಿಗೆ ಹಾಕುವ ಚಿಕ್ಕ ಯುಪಿಎಸ್ ತಂದುಕೊಂಡವರಿಗೆ ತೊಂದರೆ ಇಲ್ಲ. ನಂಬರ್ ಉಳಿಯಲೇಬೇಕು ಎನ್ನುವವರಿಗೆ ಅದೇ ದಾರಿ. ಆದರೆ ಗಾಳಿ-ಮಳೆಯ ರಾತ್ರಿ, ಕರೆಂಟ್ ಇಲ್ಲದಾಗಲೇ ಅಲ್ವಾ ಹಿರಿಯರಿಗೆ ಫೋನ್ ಹೆಚ್ಚು ಬೇಕಾಗುವುದು? ಆ ಮನೆಯಲ್ಲಿ ಇನ್‌ವರ್ಟರ್ ಇರಲಿಲ್ಲ.

ನಾವು ಆರಿಸಿದ್ದು ಸಿಮ್ ಹಾಕುವ ಟೇಬಲ್ ಫೋನ್. ನೋಡಲು ಥೇಟ್ ಲ್ಯಾಂಡ್‌ಲೈನ್. ರಿಸೀವರ್ ಇದೆ, ದೊಡ್ಡ ಬಟನ್ ಇದೆ, ಜೋರಾಗಿ ಬಡಿದುಕೊಳ್ಳುತ್ತದೆ. ಒಳಗೆ ಬ್ಯಾಟರಿ ಇರುವುದರಿಂದ ಕರೆಂಟ್ ಹೋದರೂ ನಡೆಯುತ್ತದೆ. ದೊಡ್ಡಪ್ಪ ಏನನ್ನೂ ಹೊಸದಾಗಿ ಕಲಿಯಬೇಕಾಗಲಿಲ್ಲ. ಎತ್ತುವುದು, ಒತ್ತುವುದು, ಇಡುವುದು. ಮೊಬೈಲ್ ಕೊಟ್ಟಾಗ ಅದು ದಿಂಬಿನಡಿ, ಜೇಬು, ದೇವರ ಕೋಣೆ ಎಂದು ತಿರುಗುತ್ತಿತ್ತು, ಚಾರ್ಜ್ ಇರುತ್ತಿರಲಿಲ್ಲ. ಇದು ಇಟ್ಟಲ್ಲೇ ಇರುತ್ತದೆ.

ಕೊಳ್ಳುವ ಮೊದಲು ಸಿಗ್ನಲ್ ನೋಡಿ. ನಮ್ಮ ಕಡೆಯ ಹಳೇ ಮನೆಗಳಿಗೆ ದಪ್ಪ ಕೆಂಪುಕಲ್ಲಿನ ಗೋಡೆ. ಅಂಗಳದಲ್ಲಿ ಪೂರ್ತಿ ಇರುವ ಸಿಗ್ನಲ್ ಒಳಗೆ ಬಂದರೆ ಇರುವುದಿಲ್ಲ. ಬೇರೆ ಬೇರೆ ಕಂಪನಿಯ ಸಿಮ್ ಇರುವ ಮೊಬೈಲ್‌ಗಳನ್ನು, ಫೋನ್ ಇಡಬೇಕೆಂದಿರುವ ಜಾಗದಲ್ಲೇ ಇಟ್ಟು, ಕರೆ ಮಾಡಿ ಮಾತಾಡಿ ನೋಡಿದೆ. ಚಾವಡಿಯ ಕಿಟಕಿ ಪಕ್ಕ ಒಂದು ಕಂಪನಿಯದು ಸ್ಪಷ್ಟವಾಗಿ ಕೇಳಿತು, ಅದನ್ನೇ ತೆಗೆದುಕೊಂಡೆ. ಫೋನ್ 2ಜಿಯದೋ 4ಜಿಯದೋ ಎಂದೂ ಕೇಳಬೇಕು. ಅಗ್ಗದ ಮಾದರಿಗಳು ಬರೀ 2ಜಿ. ಜಿಯೋಗೆ 2ಜಿ ಇಲ್ಲ, ಹಾಗಾಗಿ ಅವುಗಳಲ್ಲಿ ಜಿಯೋ ಸಿಮ್ ನಡೆಯುವುದಿಲ್ಲ. ಸ್ವಲ್ಪ ಜಾಸ್ತಿ ಕೊಟ್ಟರೂ 4ಜಿಯದೇ ತನ್ನಿ ಎಂದು ನಾನು ಹೇಳುತ್ತೇನೆ.

ಹಳೇ ಲ್ಯಾಂಡ್‌ಲೈನ್ ನಂಬರನ್ನು ಸಿಮ್‌ಗೆ ತರಲು ಆಗುವುದಿಲ್ಲ. ಅದಕ್ಕೇ ಹಳೆಯದನ್ನು ಕೂಡಲೇ ಬಿಡಲಿಲ್ಲ. ಎರಡೂ ಫೋನ್ ಸ್ವಲ್ಪ ಕಾಲ ಒಟ್ಟಿಗೆ ಇದ್ದವು. ಹಳೇ ನಂಬರಿಗೆ ಬಂದವರಿಗೆಲ್ಲ ದೊಡ್ಡಪ್ಪ ಹೊಸ ನಂಬರ್ ಹೇಳಿದರು. ಬ್ಯಾಂಕ್, ಗ್ಯಾಸ್, ಡಾಕ್ಟರ್ ಕ್ಲಿನಿಕ್ ಎಲ್ಲ ಕಡೆ ಬದಲಾಯಿಸಿದ ಮೇಲೆಯೇ ಅರ್ಜಿ ಕೊಟ್ಟು ಹಳೇ ಲೈನ್ ನಿಲ್ಲಿಸಿದೆವು. ಅರ್ಜಿಯ ನಕಲಿಗೆ ಸೀಲ್ ಹಾಕಿಸಿಕೊಳ್ಳಿ. ಡೆಪಾಸಿಟ್ ಕೇಳಲು ಅದು ಬೇಕು.

ಡಯಲ್ ಮಾಡುವ ಕ್ರಮವೂ ಬದಲಾಗುತ್ತದೆ. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ 2021ರ ಜನವರಿ 15ರಿಂದ ಮುಂದೆ ಸೊನ್ನೆ ಹಾಕಬೇಕು. ಸಿಮ್ ಫೋನಿನಲ್ಲಿ ಅದು ಬೇಡ. ಆದರೆ ಊರಿನ ಲ್ಯಾಂಡ್‌ಲೈನಿಗೆ ಮಾಡುವುದಾದರೂ ಉಡುಪಿಗೆ 0820, ಮಂಗಳೂರಿಗೆ 0824 ಸೇರಿಸಲೇಬೇಕು. ದೊಡ್ಡಪ್ಪನ ಹಳೇ ಡೈರಿಯಲ್ಲಿದ್ದ ನಂಬರುಗಳನ್ನೆಲ್ಲ ಹಾಗೆ ಪೂರ್ತಿ ಮಾಡಿ ಬರೆದುಕೊಟ್ಟೆ.

ರೀಚಾರ್ಜ್ ವಿಷಯದಲ್ಲಿ ಈಗ ಒಳ್ಳೇ ಕಾಲ. ಮೊದಲು ಡೇಟಾ ಬೇಡ ಎಂದರೂ ಡೇಟಾ ಇರುವ ಪ್ಯಾಕೇ ಗತಿ. 2024ರ ಡಿಸೆಂಬರಿನಲ್ಲಿ ಟ್ರಾಯ್ ಎಲ್ಲ ಕಂಪನಿಗಳೂ ಬರೀ ಕರೆ ಮತ್ತು ಎಸ್‌ಎಂಎಸ್‌ನ ಪ್ಯಾಕ್ ಇಡಲೇಬೇಕು ಎಂದಿತು. ಇಂಥ ಪ್ಯಾಕಿನ ಅವಧಿ 365 ದಿನದವರೆಗೆ ಇರಬಹುದು ಎಂದೂ ಹೇಳಿತು. 2025ರ ಜನವರಿಯಲ್ಲಿ ಅವು ಬಂದವು. ಆಗ ಏರ್‌ಟೆಲ್‌ನಲ್ಲಿ 84 ದಿನಕ್ಕೆ 469, ವರ್ಷಕ್ಕೆ 1,849 ರೂಪಾಯಿ. ಜಿಯೋದಲ್ಲಿ 84 ದಿನಕ್ಕೆ 448, 336 ದಿನಕ್ಕೆ 1,748. ವರ್ಷದ್ದು ಹಾಕಿದರೆ ತಿಂಗಳಿಗೆ ಸುಮಾರು 155 ರೂಪಾಯಿ ಬೀಳುತ್ತಿತ್ತು, ಕರೆಗೆ ಲೆಕ್ಕವೇ ಇಲ್ಲ. ಅಂಗಡಿಯವರು ತಾವಾಗಿ ಇದನ್ನು ಹೇಳುವುದು ಕಡಿಮೆ. "ಡೇಟಾ ಇಲ್ಲದ, ಬರೀ ಮಾತಾಡುವ ಪ್ಯಾಕ್" ಎಂದು ಬಿಡಿಸಿ ಕೇಳಿ. ದರ ಆಗಾಗ ಬದಲಾಗುತ್ತದೆ, ಆ ದಿನದ್ದು ಕೇಳಿಕೊಂಡೇ ಹಾಕಿಸಿ. ನಾನು ಹಿರಿಯರಿಗೆ ವರ್ಷದ ಪ್ಯಾಕನ್ನೇ ಹಾಕಿಸುತ್ತೇನೆ. ಅವಧಿ ಮುಗಿದರೆ ಒಳಬರುವ ಕರೆಯೂ ನಿಲ್ಲುತ್ತದೆ. ಕಂಪನಿ ಕಳಿಸುವ ಎಸ್‌ಎಂಎಸ್‌ ಅನ್ನು ಆ ಫೋನಿನಲ್ಲಿ ಯಾರೂ ಓದುವುದಿಲ್ಲ. ಮುಗಿಯುವ ತಾರೀಕನ್ನು ಅವರ ಗೋಡೆಯ ಕ್ಯಾಲೆಂಡರಿನಲ್ಲೂ ನನ್ನ ಮೊಬೈಲಿನಲ್ಲೂ ಗುರುತು ಹಾಕಿಟ್ಟಿದ್ದೇನೆ.

ಒಂದು ಭಯ ನನಗೆ ಈಗಲೂ ಇದೆ: ಮೋಸದ ಕರೆಗಳು. ಟಿವಿ ಬಂದ್ ಆಗುತ್ತದೆ, ಸಿಮ್ ಬಂದ್ ಆಗುತ್ತದೆ, ನಂಬರ್ ಹೇಳಿ ಎನ್ನುವವರು ಹುಡುಕಿ ಹುಡುಕಿ ಹಿರಿಯರಿಗೇ ಮಾಡುತ್ತಾರೆ. ಜಾಹೀರಾತಿನ ಕರೆ ಬಾರದಂತೆ ಅದೇ ಫೋನಿನಿಂದ 1909ಕ್ಕೆ ಕರೆ ಮಾಡಿ ನೋಂದಾಯಿಸಿದೆ. ಮಿಕ್ಕದ್ದಕ್ಕೆ ಒಂದೇ ನಿಯಮ: ದುಡ್ಡು, ಬ್ಯಾಂಕ್, ಓಟಿಪಿ ಎಂದು ಯಾರೇ ಹೇಳಿದರೂ ಮರುಮಾತಿಲ್ಲದೆ ಇಟ್ಟುಬಿಡಿ, ಆಮೇಲೆ ನನಗೆ ಮಾಡಿ. ದುಡ್ಡು ಹೋಗಿಯೇ ಬಿಟ್ಟರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಹೇಳಬೇಕು ಎಂದೂ ತಿಳಿಸಿದ್ದೇನೆ.

ಫೋನಿನ ಬಟನ್‌ಗಳಿಗೆ ನಂಬರ್ ಹಾಕಿಟ್ಟಿದ್ದೇನೆ. ಒಂದನ್ನು ಒತ್ತಿ ಹಿಡಿದರೆ ನನಗೆ, ಎರಡು ಪಕ್ಕದ ಮನೆಗೆ, ಮೂರು ಡಾಕ್ಟರಿಗೆ, ನಾಲ್ಕು ಅವರ ಖಾಯಂ ರಿಕ್ಷಾದವರಿಗೆ. ತುರ್ತಿಗೆ 112, ಆಂಬುಲೆನ್ಸ್‌ಗೆ 108, ಹಿರಿಯ ನಾಗರಿಕರ ಸಹಾಯವಾಣಿ 14567. ಇವು ಮೂರನ್ನೂ ಫೋನಿನ ಪಕ್ಕದ ಗೋಡೆಯಲ್ಲಿ ಕಪ್ಪು ಅಕ್ಷರದಲ್ಲಿ ಬರೆದು ಅಂಟಿಸಿದೆ. ದೊಡ್ಡಮ್ಮ ಕನ್ನಡಕ ಇಲ್ಲದೆ ಓದಿ ತೋರಿಸುವವರೆಗೆ ಅಕ್ಷರ ದೊಡ್ಡದು ಮಾಡುತ್ತಾ ಹೋದೆ.