ಯುರೋಪಿನ ಐಟಿ ಮಾನದಂಡ ತಿದ್ದಿಸಬೇಕೆ? ಯಾವ ಬಾಗಿಲು ತಟ್ಟಬೇಕು

ಯುರೋಪಿಯನ್ ಒಕ್ಕೂಟದ ಕಾನೂನು ಏನಾಗಬೇಕು ಎಂದಷ್ಟೇ ಹೇಳುತ್ತದೆ. ಹೇಗೆ ಎಂಬ ವಿವರ ಇರುವುದು ಮಾನದಂಡದಲ್ಲಿ. 1025/2012 ಸಂಖ್ಯೆಯ ನಿಯಮದ ಪ್ರಕಾರ ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಕಮಿಷನ್ ಈ ಕೆಲಸವನ್ನು ಸೆನ್ (CEN), ವಿದ್ಯುತ್ ಕ್ಷೇತ್ರದ ಸೆನೆಲೆಕ್ (CENELEC), ದೂರಸಂಪರ್ಕದ ಎಟ್ಸಿ (ETSI) ಎಂಬ ಮೂರು ಮಾನದಂಡ ಸಂಸ್ಥೆಗಳಿಗೆ ಒಪ್ಪಿಸುತ್ತದೆ. ಕಾನೂನಿಗೆಂದು ಬರೆಸಿದ ಮಾನದಂಡದ ಉಲ್ಲೇಖ ಒಕ್ಕೂಟದ ಅಧಿಕೃತ ಪತ್ರಿಕೆಯಲ್ಲಿ ಬಂದ ಮೇಲೆ, ಅದನ್ನು ಪಾಲಿಸಿದ ಉತ್ಪನ್ನ ಕಾನೂನಿಗೆ ಸರಿಹೊಂದುತ್ತದೆ ಎಂದೇ ಲೆಕ್ಕ. ಪಾಲಿಸಲೇಬೇಕೆಂದಿಲ್ಲ. ಆದರೆ ಬಿಟ್ಟರೆ ಸಾಬೀತುಪಡಿಸುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಸರ್ಕಾರಿ ವೆಬ್‌ಸೈಟುಗಳನ್ನು ಅಂಗವಿಕಲರೂ ಬಳಸುವಂತಿರಬೇಕು ಎನ್ನುವ ಕಾನೂನಿಗೆ ಜೋಡಿಸಿದ ಇಎನ್ 301 549 ಇಂಥದ್ದೇ ಮಾನದಂಡ.

ಇದರಲ್ಲಿ ಅಭಿಪ್ರಾಯ ಹೇಳಲು ಒಕ್ಕೂಟದ ಪೌರತ್ವ ಬೇಕಿಲ್ಲ. ಸರಿಯಾದ ಕಡೆ ಹೇಳಬೇಕು, ಅಷ್ಟೇ.

ಸೆನ್, ಸೆನೆಲೆಕ್‌ಗಳಲ್ಲಿ ಮತ ಹಾಕುವುದು ಆಯಾ ದೇಶದ ಮಾನದಂಡ ಸಂಸ್ಥೆ. ಸೆನ್‌ನಲ್ಲಾದರೆ ಜರ್ಮನಿಯಲ್ಲಿ ಡಿನ್, ನೆದರ್ಲೆಂಡ್ಸ್‌ನಲ್ಲಿ ನೆನ್, ಐರ್ಲೆಂಡ್‌ನಲ್ಲಿ ಎನ್‌ಎಸ್‌ಎಐ. ಬ್ರಸೆಲ್ಸ್‌ನಲ್ಲಿರುವ ಅವುಗಳ ಕೇಂದ್ರ ಕಚೇರಿಗೆ ನೇರವಾಗಿ ಪತ್ರ ಬರೆದರೆ ಅದು ಮತಕ್ಕೆ ತಲುಪುವುದಿಲ್ಲ. ಎಟ್ಸಿಯಲ್ಲಿ ಕಂಪನಿಗಳೂ ನೇರವಾಗಿ ಸದಸ್ಯರು, ಹಾಗಾಗಿ ದೊಡ್ಡ ಕಂಪನಿಗಳ ಮಾತೇ ಮೇಲು ಎಂಬ ಟೀಕೆ ಹಿಂದಿನಿಂದಲೂ ಇತ್ತು. ಅದಕ್ಕೆಂದೇ 1025/2012 ನಿಯಮಕ್ಕೆ 2022/2480 ಎಂಬ ತಿದ್ದುಪಡಿ ಬಂತು: ಕಮಿಷನ್ ಕೋರಿದ ಮಾನದಂಡಗಳ ಮುಖ್ಯ ತೀರ್ಮಾನಗಳನ್ನು 2023ರ ಜುಲೈಯಿಂದ ರಾಷ್ಟ್ರೀಯ ಸಂಸ್ಥೆಗಳ ಪ್ರತಿನಿಧಿಗಳೇ ತೆಗೆದುಕೊಳ್ಳಬೇಕು. ಒಳ್ಳೆಯ ಸುಧಾರಣೆ. ನೀವಿರುವ ದೇಶದ ಸಮಿತಿಗೆ ಇದರಿಂದ ತೂಕ ಹೆಚ್ಚಿದೆ.

ಸೆನ್, ಸೆನೆಲೆಕ್‌ಗಳ ಕರಡು ಸಾರ್ವಜನಿಕ ಅಭಿಪ್ರಾಯಕ್ಕೆ ಬಂದಾಗ ಸಾಮಾನ್ಯವಾಗಿ 12 ವಾರ ಸಿಗುತ್ತದೆ, ಆದರೆ ರಾಷ್ಟ್ರೀಯ ಸಂಸ್ಥೆ ತನ್ನ ಗಡುವನ್ನು ಅದಕ್ಕೂ ಮುಂಚೆ ಮುಗಿಸುತ್ತದೆ. ಡಿನ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡರೆ ಕರಡನ್ನು ಪುಕ್ಕಟೆಯಾಗಿ ಓದಿ ಅಲ್ಲೇ ಟಿಪ್ಪಣಿ ಹಾಕಬಹುದು. ಟಿಪ್ಪಣಿಯಲ್ಲಿ ಕಲಮಿನ ಸಂಖ್ಯೆ, ಅದು ತಾಂತ್ರಿಕವೋ ಭಾಷೆಯ ತಿದ್ದುಪಡಿಯೋ ಎಂಬುದು, ಕಾರಣ, ಮತ್ತು ಬದಲಿ ವಾಕ್ಯ ಇರಲಿ. ಬಹುಪಾಲು ಟಿಪ್ಪಣಿಗಳು ಸೋಲುವುದು ಈ ಕೊನೆಯದರಲ್ಲೇ. 'ಇದು ಅಸ್ಪಷ್ಟ' ಎಂದು ಬರೆದರೆ ಸಮಿತಿ ಏನನ್ನೂ ತಿದ್ದಲಾರದು. ಯಾವ ಪದ ತೆಗೆದು ಯಾವುದನ್ನು ಹಾಕಬೇಕೆಂದು ಬರೆದರೆ ಅದನ್ನು ಚರ್ಚೆಗೆ ಎತ್ತಿಕೊಳ್ಳಬಹುದು. ಅಂತಿಮ ಮತದಾನದ ಹೊತ್ತಿಗೆ ಹೌದು ಅಥವಾ ಇಲ್ಲ ಮಾತ್ರ ಉಳಿದಿರುತ್ತದೆ, ತಾಂತ್ರಿಕ ಬದಲಾವಣೆಗೆ ಕಾಲ ಮೀರಿರುತ್ತದೆ.

ಮಾನದಂಡವಲ್ಲ, ನೀತಿಯೇ ಬದಲಾಗಬೇಕೆಂದರೆ ಕಮಿಷನ್ನಿನ ಅಭಿಪ್ರಾಯ ಸಂಗ್ರಹ ಪೋರ್ಟಲ್ ಇದೆ. ಒಕ್ಕೂಟದ ಪ್ರಜೆಯಲ್ಲದವರಿಗೂ ಅಲ್ಲಿ ಪ್ರತ್ಯೇಕ ಆಯ್ಕೆ ಉಂಟು. ಶಾಸನದ ಪ್ರಸ್ತಾವಕ್ಕೆ 8 ವಾರ, ಉಪನಿಯಮಗಳ ಕರಡಿಗೆ 4 ವಾರ.

ಓದುವುದಕ್ಕೆಂದು ದುಡ್ಡು ಸುರಿಯಬೇಡಿ. ಎಟ್ಸಿ ಪ್ರಕಟಿಸಿದ ಮಾನದಂಡಗಳೆಲ್ಲ ಉಚಿತ. ಸೆನ್ ಮಾನದಂಡಗಳು ಎಸ್ಟೋನಿಯಾದ ಸಂಸ್ಥೆಯಲ್ಲಿ ಬೇರೆಡೆಗಿಂತ ಬಹಳ ಅಗ್ಗ, ಪಠ್ಯ ಅದೇ. ಕಾನೂನಿಗೆ ಜೋಡಿಸಿದ ಮಾನದಂಡಗಳನ್ನು ಜನರು ನೋಡುವಂತಿರುವುದರಲ್ಲಿ ಮಿಗಿಲಾದ ಸಾರ್ವಜನಿಕ ಹಿತವಿದೆ ಎಂದು ಒಕ್ಕೂಟದ ನ್ಯಾಯಾಲಯ 2024ರ ಮಾರ್ಚ್ 5ರಂದು ತೀರ್ಪು ಕೊಟ್ಟಿದೆ. ಹಾಗಾಗಿ ಅಂಥ ದಾಖಲೆ ಬೇಕಿದ್ದರೆ ಕಮಿಷನ್ನಿಗೆ ಅರ್ಜಿ ಹಾಕುವಾಗ ಈ ತೀರ್ಪನ್ನು ಉಲ್ಲೇಖಿಸಿ.