ಬ್ರೌಸರ್ ತೆರೆದರೆ ಸಾಕು, ಲ್ಯಾಪ್‌ಟಾಪ್ ಬಿಸಿಯಾಗುತ್ತದೆಯೇ?

ಗೇಮ್ ಆಡುತ್ತಿಲ್ಲ, ವಿಡಿಯೊ ಎಡಿಟಿಂಗ್ ಇಲ್ಲ. ಬರೀ ಅಡಿಕೆ ಧಾರಣೆ ನೋಡುತ್ತಿದ್ದರೂ ಫ್ಯಾನ್ ಭರ್ರೆನ್ನುತ್ತದೆ, ಕೀಬೋರ್ಡಿನ ಮೇಲ್ಭಾಗ ಸುಡುತ್ತದೆ. ಕಾರಣ ಎರಡರಲ್ಲೊಂದು: ಪ್ರೊಸೆಸರ್ ಮೇಲೆ ಹೊರೆ ಹೆಚ್ಚಿದೆ, ಇಲ್ಲವೇ ಹುಟ್ಟಿದ ಬಿಸಿ ಹೊರಗೆ ಹೋಗುತ್ತಿಲ್ಲ. ಯಾವುದೆಂದು ಗೊತ್ತಾಗುವ ತನಕ ಕೂಲಿಂಗ್ ಪ್ಯಾಡ್‌ಗೆ ದುಡ್ಡು ಹಾಕಬೇಡಿ.

1. ಹೊರೆ ಅಳೆಯಿರಿ

ವಿಂಡೋಸ್ ಲ್ಯಾಪ್‌ಟಾಪ್ ಬಿಸಿಯಾಗಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸಿಪಿಯು, ಅಂದರೆ ಪ್ರೊಸೆಸರ್ ಬಳಕೆಯನ್ನು ಎರಡು ನಿಮಿಷ ಗಮನಿಸಿ. ಉಷ್ಣಾಂಶ ನೋಡಲು ‘ಕೋರ್ ಟೆಂಪ್’ನಂಥ ಉಚಿತ ತಂತ್ರಾಂಶ ಸಾಕು. ಬ್ರೌಸ್ ಮಾಡುವಾಗ 50ರಿಂದ 70 ಡಿಗ್ರಿ ಸೆಲ್ಸಿಯಸ್ ಸಹಜ. 95–100ರ ಹತ್ತಿರ ಹೋದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಬಳಕೆ ಶೇ 50 ದಾಟಿ ಅಲ್ಲೇ ನಿಂತು, ಪಟ್ಟಿಯ ಮೇಲ್ಗಡೆ ಬ್ರೌಸರ್ ಹೆಸರೇ ಇದ್ದರೆ ತಪ್ಪು ಅದರದ್ದು. ಬಳಕೆ ಶೇ 10–15ರಲ್ಲೇ ಇದ್ದೂ 85 ಡಿಗ್ರಿ ತೋರಿಸಿದರೆ ನೇರ ಮೂರನೇ ಹಂತಕ್ಕೆ ಹೋಗಿ.

2. ಬ್ರೌಸರ್ ಒಳಗೆ

ಕ್ರೋಮ್‌ನಲ್ಲಿ ಶಿಫ್ಟ್, ಎಸ್ಕೇಪ್ ಒತ್ತಿದರೆ ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಂಡ ಕಿರುತಂತ್ರಾಂಶ) ಎಷ್ಟು ತಿನ್ನುತ್ತಿದೆ ಎಂಬ ಪಟ್ಟಿಯೇ ಬರುತ್ತದೆ. ಹೆಚ್ಚು ತಿನ್ನುವುದನ್ನು ಅಲ್ಲೇ ನಿಲ್ಲಿಸಿ. ಬೇಡದ ಎಕ್ಸ್‌ಟೆನ್ಷನ್‌ಗಳನ್ನು ತೆಗೆದುಬಿಡಿ.

ಬಹಳ ಜನ ಗಮನಿಸದ ಕಾರಣ ವಿಡಿಯೊ. ಯೂಟ್ಯೂಬ್ ಈಗ ಅನೇಕ ವಿಡಿಯೊಗಳನ್ನು ಎವಿ1 ಎಂಬ ಹೊಸ ರೂಪದಲ್ಲಿ ಕಳಿಸುತ್ತದೆ. ಇಂಟೆಲ್‌ನ 11ನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳ ಗ್ರಾಫಿಕ್ಸ್‌ನಲ್ಲಿ ಇದನ್ನು ಬಿಡಿಸುವ ಪ್ರತ್ಯೇಕ ವ್ಯವಸ್ಥೆ ಇಲ್ಲ. ಇಡೀ ಕೆಲಸ ಪ್ರೊಸೆಸರ್ ತಲೆಗೇ ಬೀಳುತ್ತದೆ. ಪರೀಕ್ಷೆ ಸುಲಭ: ಓಡುತ್ತಿರುವ ವಿಡಿಯೊ ಮೇಲೆ ಬಲ ಕ್ಲಿಕ್ ಮಾಡಿ, ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಆರಿಸಿ, ಕೋಡೆಕ್ಸ್ ಸಾಲು ನೋಡಿ. ಅಲ್ಲಿ ‘ಎವಿ01’ (av01) ಇದ್ದು ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ‘ಎಚ್264ಇಫೈ’ (h264ify) ಎಂಬ ಎಕ್ಸ್‌ಟೆನ್ಷನ್ ಹಾಕಿ. ಸಾಲು ‘ಎವಿಸಿ1’ (avc1) ಎಂದು ಬದಲಾಗಿ ಹೊರೆ ಇಳಿಯುತ್ತದೆ. 1080ಪಿಗಿಂತ ಮೇಲಿನ ಗುಣಮಟ್ಟ ಸಿಗುವುದಿಲ್ಲ, ಅಷ್ಟೇ. ಕ್ರೋಮ್ ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಗ್ರಾಫಿಕ್ಸ್ ಅಕ್ಸೆಲರೇಷನ್ ಆನ್ ಇರಬೇಕು. ಅದು ಆಫ್ ಆಗಿದ್ದರೆ ಮೇಲಿನದೆಲ್ಲ ವ್ಯರ್ಥ.

3. ಬಿಸಿ ಹೊರಹೋಗುವ ದಾರಿ

ಕಾರವಾರ, ಕುಮಟಾ ಕಡೆ ‘ಸೆಖೆಗೇ ಹೀಗಾಗ್ತದೆ’ ಎನ್ನುವವರಿದ್ದಾರೆ. ಲ್ಯಾಪ್‌ಟಾಪ್ ಬೆವರುವುದಿಲ್ಲ, ಗಾಳಿಯ ತೇವದಿಂದ ನಮಗಾಗುವ ಹಿಂಸೆ ಅದಕ್ಕಿಲ್ಲ. ಅದನ್ನು ಕೆಡಿಸುವುದು ಕಡಲಗಾಳಿಯ ಉಪ್ಪು. ತೇವಾಂಶ ಶೇ 75 ದಾಟಿದರೆ ಉಪ್ಪು ನೀರೊಡೆಯುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲಿ ಕಾಣುವುದು ಇದನ್ನೇ. ಆ ಪಸೆಗೆ ದೂಳು ಅಂಟಿ, ಒಣಗಿದಾಗ ಗಟ್ಟಿಯಾಗಿ ಕೂರುತ್ತದೆ. ಶಿರಸಿ, ಸಿದ್ದಾಪುರದ ಮನೆಗಳಲ್ಲಿ ಉಪ್ಪಿನ ಬದಲು ಕಂಬಳಿಯ ಎಳೆ, ಬಚ್ಚಲೊಲೆಯ ಹೊಗೆಮಸಿ.

ಬಿಚ್ಚುವ ಮೊದಲು ಲ್ಯಾಪ್‌ಟಾಪನ್ನು ಸಪಾಟು ಮೇಜಿನ ಮೇಲಿಡಿ. ತಳ ಅಲ್ಲಾಡಿದರೆ ಅಥವಾ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಬ್ಯಾಟರಿ ಉಬ್ಬಿರಬಹುದು. ಚಾರ್ಜ್ ಮಾಡಬೇಡಿ, ಒತ್ತಬೇಡಿ, ರಿಪೇರಿಯವರಿಗೆ ಒಪ್ಪಿಸಿ. ವಾರಂಟಿ ಇದ್ದರೂ ನೀವು ಬಿಚ್ಚುವುದು ಬೇಡ.

ಶಿಫ್ಟ್ ಒತ್ತಿ ಹಿಡಿದೇ ಶಟ್‌ಡೌನ್ ಮಾಡಿ. ಆಗ ಪೂರ್ತಿ ಆಫ್ ಆಗುತ್ತದೆ. ಚಾರ್ಜರ್ ಕೀಳಿ. ತಳದ ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ, ಆದ್ದರಿಂದ ಕಾಗದದ ಮೇಲೆ ತಳದ ಚಿತ್ರ ಬರೆದು ಆಯಾ ಜಾಗದಲ್ಲೇ ಇಡಿ. ಕೆಲವು ರಬ್ಬರ್ ಪಾದದಡಿ ಅಡಗಿರುತ್ತವೆ. ಹಳೆಯ ಪ್ಲಾಸ್ಟಿಕ್ ಕಾರ್ಡ್‌ನಿಂದ ಅಂಚು ಬಿಡಿಸಿ. ಕವರ್ ತೆರೆದೊಡನೆ ಬ್ಯಾಟರಿಯ ಕನೆಕ್ಟರ್ ತೆಗೆಯಿರಿ.

ಈಗ ಮುಖ್ಯ ಜಾಗ. ಫ್ಯಾನ್‌ಗೂ ಗಾಳಿ ಹೊರಹೋಗುವ ತಾಮ್ರ ಅಥವಾ ಅಲ್ಯೂಮಿನಿಯಂ ಹಲ್ಲುಗಳಿಗೂ ನಡುವೆ ಬೂದು ಬಣ್ಣದ ಪದರ ಅಡ್ಡ ನಿಂತಿರುತ್ತದೆ. ಹೊರಗಿನಿಂದ ಊದಿದರೆ ಅದು ಫ್ಯಾನ್ ಕಡೆಗೆ ಸರಿಯುವುದೇ ಹೊರತು ಹೊರಬರುವುದಿಲ್ಲ. ಫ್ಯಾನ್‌ನ ಮುಚ್ಚಳ ತೆಗೆದು ಚಿಮಟದಿಂದ ಎತ್ತಿ, ಮೆತ್ತನೆಯ ಬ್ರಷ್‌ನಿಂದ ಒರೆಸಿ. ಕ್ಯಾಮೆರಾ ಬ್ಲೋವರ್‌ನಿಂದ ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿಯಿರಿ. ಗ್ಯಾರೇಜಿನ ಕಂಪ್ರೆಸರ್ ಖಂಡಿತ ಬೇಡ: ಆ ಗಾಳಿಯಲ್ಲಿ ನೀರು, ಎಣ್ಣೆ ಎರಡೂ ಇರುತ್ತವೆ. ಹಲ್ಲುಗಳ ಮೇಲೆ ಹಸಿರು ಅಥವಾ ಬಿಳಿ ಕಿಲುಬು ಕಂಡರೆ ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ.

ನಾಲ್ಕೈದು ವರ್ಷ ಹಳೆಯದಾಗಿದ್ದರೆ, ಚಿಪ್‌ಗೂ ಅದರ ಬಿಸಿ ಹೀರುವ ಲೋಹದ ಭಾಗವಾದ ಹೀಟ್‌ಸಿಂಕ್‌ಗೂ ನಡುವೆ ಸವರುವ ಥರ್ಮಲ್ ಪೇಸ್ಟ್ ಒಣಗಿರುವ ಸಾಧ್ಯತೆ ಹೆಚ್ಚು. ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ ಸಂಖ್ಯೆ ಬರೆದಿರುತ್ತದೆ. ಬಿಚ್ಚುವಾಗ ಹಿಂದಿನಿಂದ, ಬಿಗಿಯುವಾಗ 1ರಿಂದ, ಸ್ವಲ್ಪ ಸ್ವಲ್ಪವೇ. ಹಳೆಯ ಪೇಸ್ಟನ್ನು ಆಲ್ಕೊಹಾಲ್‌ನಿಂದ ಒರೆಸಿ, ಚಿಪ್‌ನ ಹೊಳೆಯುವ ಭಾಗವಷ್ಟೇ ಮುಚ್ಚುವಂತೆ ತೆಳುವಾಗಿ ಹೊಸದು ಸವರಿ.

4. ಮತ್ತೆ ಅಳೆಯಿರಿ

ಬ್ಯಾಟರಿ ಕನೆಕ್ಟರ್ ಮತ್ತೆ ಸಿಕ್ಕಿಸಿ ಮುಚ್ಚಿದ ಮೇಲೆ ಮೊದಲಿನ ಪುಟಗಳನ್ನೇ ಹತ್ತು ನಿಮಿಷ ತೆರೆದು ಉಷ್ಣಾಂಶ ಹೋಲಿಸಿ. ಹಾಸಿಗೆ ಮೇಲಿಟ್ಟು ಅಳೆಯಬೇಡಿ. ಹಿಂಬದಿಯನ್ನು 2 ಸೆಂಟಿಮೀಟರ್ ಎತ್ತರಿಸಿದರೆ ಒಳ್ಳೆಯದು. ಆಗಲೂ ಇಳಿಯದಿದ್ದರೆ ಫ್ಯಾನ್ ಬೇರಿಂಗ್ ಸವೆದಿರಬಹುದು. ಹೊಸ ಫ್ಯಾನ್‌ಗೆ ಲ್ಯಾಪ್‌ಟಾಪ್ ಮಾದರಿಯ ಹೆಸರಷ್ಟೇ ಸಾಲದು. ಹಳೆಯ ಫ್ಯಾನ್ ಮೇಲಿನ ಚೀಟಿಯ ಪಾರ್ಟ್ ನಂಬರ್, ವೋಲ್ಟೇಜ್, ವೈರ್‌ಗಳ ಸಂಖ್ಯೆ ಕಾಣುವಂತೆ ಫೋಟೊ ತೆಗೆದು ಅಂಗಡಿಯವರಿಗೆ ಕೊಡಿ. ಊರಲ್ಲಿ ಸಿಗದೆ ಹುಬ್ಬಳ್ಳಿಯಿಂದ ತರಿಸಬೇಕಾದರೂ ತಪ್ಪು ಫ್ಯಾನ್ ಬರುವುದಿಲ್ಲ.