ಚಳಿಗಾಳಿಯಲ್ಲಿ ಬಾಸ್ ಮೀನಿಗೆ ಗಾಳ ಹಾಕುವುದು ಹೇಗೆ?

ಬಾಸ್ ಅಂದರೆ ಸಣ್ಣ ಮೀನುಗಳನ್ನು ಬೇಟೆಯಾಡುವ ಒಂದು ಸಿಹಿನೀರಿನ ಮೀನು. ವಸಂತ ಈಗಷ್ಟೇ ಶುರು. ನೀರಿಗೆ ಕೈ ಹಾಕಿದರೆ ಬೆರಳು ಮರಗಟ್ಟುತ್ತದೆ, ಗಾಳಿ ಬೇರೆ ಬೀಸುತ್ತಿದೆ. ಇಂಥ ದಿನ ಮನೆಯಲ್ಲೇ ಇರೋಣ ಅನಿಸುವುದು ಸಹಜ. ಆದರೆ ಮೊಟ್ಟೆ ತುಂಬಿಕೊಂಡ ದೊಡ್ಡ ಹೆಣ್ಣು ಬಾಸ್‌ಗಳು ಆಳ ಬಿಟ್ಟು ದಡದ ಕಡೆ ಬರುವ ಕಾಲವೂ ಇದೇ. ಗಾಳಿ ನೋಡಿ ಜಾಗ ಆರಿಸಿ, ನೀರಿನ ತಂಪು ನೋಡಿ ವೇಗ ಆರಿಸಿ.

ಮೊದಲು ನೀರಿನ ಉಷ್ಣತೆ ಅಳೆಯಿರಿ. ಲಾರ್ಜ್‌ಮೌತ್ ಬಾಸ್ (ದೊಡ್ಡ ಬಾಯಿಯ ಬಾಸ್ ಜಾತಿ) ಮೊಟ್ಟೆ ಇಡುವುದು ನೀರು ಸುಮಾರು 15–16 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ. 8ರಿಂದ 13 ಡಿಗ್ರಿ ಇದ್ದರೆ ಮೀನು ಆಳಕ್ಕೂ ದಡಕ್ಕೂ ನಡುವೆ, ಇಳಿಜಾರಿನ ಅಂಚಿನಲ್ಲಿ ಕಾಯುತ್ತಿರುತ್ತದೆ. ಬೆಳಗಿನ ಜಾವವೇ ಎದ್ದು ಹೋಗಬೇಕಿಲ್ಲ. ಬಿಸಿಲು ಬಿದ್ದು ನೀರು ಒಂದೆರಡು ಡಿಗ್ರಿ ಏರಿದ ಮಧ್ಯಾಹ್ನವೇ ಒಳ್ಳೆಯದು.

ಇನ್ನು ಜಾಗ. ಹದವಾದ ಗಾಳಿ ಎರಡು ಮೂರು ದಿನ ಒಂದೇ ಕಡೆ ಬೀಸಿದರೆ ಮೇಲಿನ ಬೆಚ್ಚನೆ ನೀರು ಗಾಳಿ ಹೋಗಿ ತಾಗುವ ದಡಕ್ಕೆ ಸೇರುತ್ತದೆ. ಅದರ ಹಿಂದೆ ಸಣ್ಣ ಮೀನು, ಅವುಗಳ ಹಿಂದೆ ಬಾಸ್. ಅಲೆ ಬಡಿಯುವ ಕಲ್ಲಿನ ದಡ ಸಿಕ್ಕರೆ ಬಿಡಬೇಡಿ. ಕೊರೆಯುವ ಗಾಳಿ ಹೊಸದಾಗಿ ಎದ್ದಿದ್ದರೆ ಮಾತ್ರ ಲೆಕ್ಕ ತಿರುಗುಮುರುಗು: ಗಾಳಿ ತಾಗದ, ಬಿಸಿಲು ಬೀಳುವ ಮೂಲೆ ಹುಡುಕಿ. ಭೂಮಿಯ ಉತ್ತರಾರ್ಧದಲ್ಲಿ ಅದು ಸಾಮಾನ್ಯವಾಗಿ ಕೆರೆಯ ಉತ್ತರ ದಡ.

ನನ್ನ ಮೊದಲ ಆಯ್ಕೆ ನೀರಿನ ನಡುವೆ ತೇಲಿ ನಿಲ್ಲುವ, ಮೀನಿನಾಕಾರದ ನಕಲಿ ಎರೆಯಾದ ಜರ್ಕ್‌ಬೈಟ್. ಎಸೆಯಿರಿ, ನಾಲ್ಕೈದು ಸುತ್ತು ರೀಲ್ ತಿರುಗಿಸಿ ಕೆಳಗಿಳಿಸಿ. ಎರಡು ಸಲ ಚಿಕ್ಕದಾಗಿ ಜಗ್ಗಿ. ಆಮೇಲೆ ಲೈನ್ (ಗಾಳದ ದಾರ) ಸ್ವಲ್ಪ ಸಡಿಲ ಬಿಟ್ಟು ಸುಮ್ನೆ ನಿಲ್ಲಿ. ಹತ್ತರವರೆಗೆ ಎಣಿಸಿ, ನೀರು ತೀರಾ ತಣ್ಣಗಿದ್ದರೆ ಇನ್ನೂ ಜಾಸ್ತಿ. ಮೀನಿನ ಮೈ ಉಷ್ಣತೆ ನೀರಿನಷ್ಟೇ ಇರುವುದರಿಂದ ಈಗ ಅದು ಓಡಿ ಬೇಟೆಯಾಡುವುದಿಲ್ಲ. ಕದಲದೆ ನಿಂತದ್ದನ್ನೇ ಬಾಯಿಗೆ ಹಾಕಿಕೊಳ್ಳುತ್ತದೆ. ಜೋರು ಎಳೆತ ಬರುತ್ತದೆಂದು ಕಾಯಬೇಡಿ. ಲೈನ್ ಮೆಲ್ಲಗೆ ಪಕ್ಕಕ್ಕೆ ಸರಿದರೆ, ಏನೋ ಭಾರ ಅನಿಸಿದರೆ, ಅದೇ ಮೀನು.

ಒಂದು ಸಣ್ಣ ವಿಷಯ: ತಣ್ಣೀರು ಹೆಚ್ಚು ಸಾಂದ್ರ. ಬೆಚ್ಚನೆ ನೀರಿನಲ್ಲಿ ಸರಿಯಾಗಿ ನಿಲ್ಲುತ್ತಿದ್ದ ಜರ್ಕ್‌ಬೈಟ್ ಇಲ್ಲಿ ಮೇಲೇಳಬಹುದು. ದಡದ ಪಕ್ಕದಲ್ಲೇ ಬಿಟ್ಟು ನೋಡಿ. ಎದ್ದರೆ ಹೊಟ್ಟೆಗೆ ಚೂರು ಸೀಸದ ಪಟ್ಟಿ ಅಂಟಿಸಿ.

ಗಾಳಿ ಲೈನನ್ನು ಬಿಲ್ಲಿನಂತೆ ಬಾಗಿಸಿದರೆ ಕಚ್ಚಿದ್ದೇ ತಿಳಿಯುವುದಿಲ್ಲ. ರಾಡ್‌ನ ತುದಿ ನೀರಿಗೆ ತಾಗುವಷ್ಟು ಕೆಳಗಿರಲಿ. ಮುಳುಗುವ ಗುಣದ ಫ್ಲೂರೋಕಾರ್ಬನ್ ಲೈನ್ ಉತ್ತಮ. ಗಾಳಿಗೆ ಅಡ್ಡಲಾಗಿ ಎಸೆಯಬೇಡಿ. ಜಿಗ್ (ತೂಕದ ತಲೆಯಿರುವ ಕೊಕ್ಕೆ) ಬಳಸುವುದಾದರೆ 10 ಗ್ರಾಂ ಬದಲು 14 ಗ್ರಾಂನದು ಕಟ್ಟಿ, ತಳದಲ್ಲಿ ನಿಧಾನಕ್ಕೆ ಎಳೆಯಿರಿ.

ದೋಣಿಯಲ್ಲಿದ್ದರೆ ಮೂತಿ ಗಾಳಿಗೆ ಎದುರಾಗಿರಲಿ. ಲೈಫ್ ಜಾಕೆಟ್ ಪಕ್ಕದಲ್ಲಿದ್ದರೆ ಸಾಲದು, ಮೈಮೇಲಿರಬೇಕು. ಇಷ್ಟು ತಣ್ಣನೆ ನೀರಿಗೆ ಬಿದ್ದರೆ ಮೊದಲ ನಿಮಿಷದಲ್ಲೇ ಉಸಿರು ಕಟ್ಟುತ್ತದೆ, ಈಜು ಬಲ್ಲವರಿಗೂ. ಅಲೆ ಎತ್ತರವಾದರೆ ದಡಕ್ಕೆ ಬಂದುಬಿಡಿ.

ಮೊಟ್ಟೆ ಇಡುವ ಕಾಲದಲ್ಲಿ ಕೆಲವು ಕಡೆ ಬಾಸ್ ಹಿಡಿಯುವುದಕ್ಕೆ ನಿಷೇಧವಿದೆ, ಹೊರಡುವ ಮೊದಲೇ ವಿಚಾರಿಸಿ. ಹೊಟ್ಟೆ ಉಬ್ಬಿದ ಹೆಣ್ಣು ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ, ಕೊಕ್ಕೆ ಬಿಡಿಸಿ ಬೇಗ ನೀರಿಗೆ ಬಿಡಿ.